ದೊರೆಸಾನಿಯ ಜಾಗದಲ್ಲಿ ನಿಂತು

ನನ್ನ ಬಾಯಿ ಸರಿಯಿಲ್ಲ ಎಂದು ಎಲ್ಲರಿಗೂ ಗೊತ್ತು. ಕೈ ಸರಿಯಿದೆ ಎಂಬುದೂ ಗೊತ್ತಿರುವುದರಿಂದ ಗಿರಾಕಿಗಳು ಬರುತ್ತಾರೆ. ಟ್ರೇಲರ್‌ಗಳ ಬ್ರೇಕ್ ರಿಪೇರಿ ನನ್ನ ಕಸುಬು. ದೋಣಿ ಹೊರುವುದು, ಕುದುರೆ ಹೊರುವುದು, ಮನೆ ಸಾಮಾನು ಹೊರುವುದು, ಗಾಡಿಯ ಹಿಂದೆ ಕಟ್ಟಿ ಎಳೆಯುವಂಥದ್ದು ಯಾವುದೇ ಇರಲಿ, ನಿಲ್ಲಬೇಕಾದ ಕಡೆ ನಿಲ್ಲದಿದ್ದರೆ ನನ್ನ ಶೆಡ್ಡಿಗೆ ತರುತ್ತಾರೆ. ನಾಲ್ಕು ಬೈಗುಳ ತಿಂದು, ಒಳ್ಳೆಯ ಬ್ರೇಕಿನ ಜೊತೆ ವಾಪಸು ಹೋಗುತ್ತಾರೆ. ಬೆನ್ನ ಹಿಂದೆ ನನ್ನನ್ನು ಬ್ರೇಕಮ್ಮ ಎನ್ನುತ್ತಾರಂತೆ. ಎದುರಿಗೇ ಅಂದರೂ ನನಗೇನು ಬೇಜಾರಿಲ್ಲ.

ನಮ್ಮ ಯಜಮಾನರದು ಪಕ್ಕದ ಶೆಡ್ಡು. ಟಾರ್ಪಾಲು, ಗಾಡಿಯ ಸೀಟು, ಕುದುರೆ ಟ್ರೇಲರಿನ ಒಳಗೋಡೆಯ ಮೆತ್ತೆ ಇಂಥವನ್ನೆಲ್ಲ ಹೊಲಿಯುತ್ತಾರೆ. ನಾನು ಹತ್ತು ಮಾತಾಡಿದರೆ ಅವರದು ಒಂದು ‘ಹ್ಞೂಂ’. ನಮ್ಮಿಬ್ಬರಿಗೆ ಒಬ್ಬಳೇ ಮಗಳು. ನನ್ನ ಹಟ, ಅವರ ಮೌನ, ಎರಡನ್ನೂ ಸಮಪಾಲು ಮಾಡಿಕೊಂಡು ಹುಟ್ಟಿದ್ದಾಳೆ. ಇಂಥವಳನ್ನು ಸಾಕುವುದು ಎಷ್ಟು ಸುಖ ಎಂದು ಕೇಳಬೇಡಿ.

ಆ ಮಗಳು ಕುದುರೆ ಟ್ರೇಲರ್ ಓಡಿಸುತ್ತಿದ್ದಳು. ಸವಾರಿ ಕಲಿಸುವ ಶಾಲೆಯ ಕುದುರೆಗಳನ್ನು ಪ್ರತಿ ಸೋಮವಾರ ಮಕ್ಕಳ ಆಸ್ಪತ್ರೆಗೆ ಕರೆದೊಯ್ಯುವುದು, ಸಂಜೆ ವಾಪಸು ತರುವುದು ಅವಳ ಕೆಲಸ. ಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಅಲ್ಲಿ ಕುದುರೆಯ ಮೇಲೆ ಕೂರಿಸಿ ನಿಧಾನಕ್ಕೆ ಸುತ್ತಿಸುತ್ತಾರೆ. ಬೆನ್ನಿಗೆ, ಸೊಂಟಕ್ಕೆ ಬಲ ಬರುತ್ತದಂತೆ. ಆ ಮಕ್ಕಳಿಗೆಲ್ಲ ಅಚ್ಚುಮೆಚ್ಚು ಒಂದು ವಯಸ್ಸಾದ ಬೂದು ಹೆಣ್ಣು ಕುದುರೆ. ಅದರ ಗತ್ತು ನೋಡಿ ಮಗಳು ದೊರೆಸಾನಿ ಎಂದು ಹೆಸರಿಟ್ಟಿದ್ದಳು. ಹುಲ್ಲು ಕೊಟ್ಟರೆ ಮೊದಲು ಮೂಸಿ, ಹೋಗಲಿ ಪಾಪ, ಇಷ್ಟು ದೂರದಿಂದ ತಂದಿದ್ದಾರೆ ಎಂಬಂತೆ ತಿನ್ನುವ ಪ್ರಾಣಿ. ಬೇರೆ ಯಾರು ಎಳೆದರೂ ಟ್ರೇಲರಿಗೆ ಕಾಲಿಡುತ್ತಿರಲಿಲ್ಲ. ಮಗಳು ಒಳಗಿನಿಂದ ಒಂದು ಸಲ ಕರೆದರೆ ಸಾಕು, ಹಲಗೆಯ ಮೇಲೆ ಟಕಟಕ ಹೆಜ್ಜೆಯಿಟ್ಟು ಹತ್ತಿ ನಿಲ್ಲುತ್ತಿತ್ತು.

ಕಳೆದ ಮಳೆಗಾಲದಲ್ಲಿ, ಸೇತುವೆಯ ಕಡೆ ಇಳಿಯುವ ರಸ್ತೆಯಲ್ಲಿ, ಹಾಲಿನ ವ್ಯಾನೊಂದು ಅಡ್ಡದಾರಿಯಿಂದ ದಿಢೀರನೆ ನುಗ್ಗಿತು. ಮಗಳು ಬ್ರೇಕ್ ಒತ್ತಿದಳು. ಪಿಕಪ್ ನೆಟ್ಟಗೆ ನಿಂತಿತು. ಹಿಂದಿನ ಟ್ರೇಲರ್ ಮಾತ್ರ ಜಾರುತ್ತ ಪಕ್ಕಕ್ಕೆ ತಿರುಗಿ ರಸ್ತೆ ಬದಿಯ ದಿಬ್ಬಕ್ಕೆ ಬಡಿಯಿತು. ಮನುಷ್ಯರಿಗೆ ಯಾರಿಗೂ ಏನೂ ಆಗಲಿಲ್ಲ. ಒಳಗಿದ್ದ ದೊರೆಸಾನಿ ಮುಂಗಾಲಿನ ಮೇಲೆ ಕುಸಿದು, ಎರಡೂ ಮಂಡಿ ತರಚಿ ರಕ್ತವಾಗಿತ್ತು. ಪಶುವೈದ್ಯರು ಹೊಲಿಗೆ ಹಾಕುವಷ್ಟು ಹೊತ್ತೂ ಮಗಳು ಅದರ ಕೊರಳು ತಬ್ಬಿಕೊಂಡು ನಿಂತಿದ್ದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಮನೆಗೆ ಬಂದವಳೇ ಪಿಕಪ್ಪಿನ ಕೀಲಿಯನ್ನು ನನ್ನ ಕೈಗಿಟ್ಟಳು.

"ಇನ್ನು ನಾನು ಓಡ್ಸಲ್ಲ ಅಮ್ಮ."

ಎರಡು ದಿನ ಬಿಟ್ಟರೆ ಸರಿಹೋಗುತ್ತಾಳೆ ಎಂದುಕೊಂಡೆ. ಸರಿಹೋಗಲಿಲ್ಲ. ಅಪ್ಪನ ಶೆಡ್ಡಿನಲ್ಲಿ ಹೊಲಿಗೆ ಕಲಿಯಲು ಕೂತಳು. ಅವಳ ಹೊಲಿಗೆ ನೋಡಬೇಕು ನೀವು! ಇಲಿ ಓಡಾಡಿದ ಹಾಗೆ. ಇವರು ಅದನ್ನು ಗುಟ್ಟಾಗಿ ಬಿಚ್ಚಿ ಮತ್ತೆ ಹೊಲಿದು, "ಪರ್ವಾಗಿಲ್ಲ, ಕೈ ಕೂಡ್ತಾ ಇದೆ" ಎನ್ನುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು.

ದೊರೆಸಾನಿಯ ಮಂಡಿ ವಾಸಿಯಾದ ಮೇಲೆ ಕುದುರೆ ಮೇಷ್ಟ್ರು ನಮ್ಮಲ್ಲಿಗೆ ಬಂದರು. ಸವಾರಿ ಶಾಲೆ ಅವರದೇ. ಮೆದುಮಾತಿನ ಮನುಷ್ಯ. ಕುದುರೆಗೂ ‘ಸ್ವಲ್ಪ ಸರೀತೀರಾ’ ಎನ್ನುವವರು.

"ಮಕ್ಕಳು ದಿನಾ ಕೇಳ್ತಾರಮ್ಮ, ದೊರೆಸಾನಿ ಯಾವಾಗ ಬರ್ತಾಳೆ ಅಂತ. ಬರೋ ಸೋಮವಾರದಿಂದ ಶುರು ಮಾಡೋಣ ಅಂತಿದ್ದೀನಿ. ನಿಮ್ಮ ಮಗಳು ಬಂದ್ರೆ ಅವಳೇ. ಆಗಲ್ಲ ಅಂದ್ರೆ ಬೇರೆ ಡ್ರೈವರ್ ಗೊತ್ತು ಮಾಡ್ಬೇಕು. ಬೇಜಾರು ಮಾಡ್ಕೋಬೇಡಿ."

ಹೊಲಿಗೆ ಯಂತ್ರದ ಹಿಂದಿನಿಂದ ಮಗಳು ತಲೆಯೆತ್ತದೆ, "ಬೇರೆಯವರನ್ನೇ ನೋಡ್ಕೊಳ್ಳಿ ಸರ್" ಎಂದಳು. ಮೇಷ್ಟ್ರು ನನ್ನ ಮುಖ ನೋಡಿದರು. "ಇನ್ನೂ ಸೋಮವಾರ ಬಂದಿಲ್ಲವಲ್ಲ ಮೇಷ್ಟ್ರೇ, ಸ್ವಲ್ಪ ತಡ್ಕೊಳ್ಳಿ" ಎಂದು ಕಳಿಸಿದೆ.

ಅವತ್ತು ಸಂಜೆ, ಅಪಘಾತದ ದಿನದಿಂದ ನಮ್ಮ ಅಂಗಳದಲ್ಲೇ ನಿಂತಿದ್ದ ಟ್ರೇಲರಿನ ಪಕ್ಕದ ಬಾಗಿಲು ತೆರೆದಿತ್ತು. ಇಣುಕಿದೆ. ಮಗಳು ಒಳಗೆ ದೊರೆಸಾನಿ ನಿಲ್ಲುವ ಕಡೆ ನೆಲದ ಮೇಲೆ ಕೂತಿದ್ದಳು. ಹಳೆಯ ಹುಲ್ಲನ್ನು ಮುಷ್ಟಿಯಲ್ಲಿ ಹಿಡಿದು ಮೂಸುತ್ತಿದ್ದಳು. ನಾನು ಬಂದದ್ದು ಗೊತ್ತಾಗದಂತೆ ಹಿಂದಕ್ಕೆ ಸರಿದೆ. ಬೇಡ ಎಂದು ಬಿಟ್ಟವಳಲ್ಲ ಇವಳು. ಬೇಕೆನ್ನಿಸಿಯೂ ಕೈ ಚಾಚಲು ಹೆದರಿದವಳು. ಆ ಕೆಲಸ ಅವಳ ಕೈತಪ್ಪಿದರೆ ಜೀವನಪೂರ್ತಿ ಡೊಂಕು ಹೊಲಿಗೆ ಹಾಕುತ್ತ ಕೂರುತ್ತಾಳೆ ಎಂದು ನನಗೆ ಖಾತ್ರಿಯಾಯಿತು.

ನಾನು ಸುಮ್ಮನಿರುವ ಪೈಕಿಯೇ? ಆ ವಾರವೇ ಟ್ರೇಲರಿಗೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಸಾಧನ, ಕೂರಿಸಲು ಹೊರಟೆ.

ಎಬಿಎಸ್ ಎಂದರೆ ದೊಡ್ಡ ಮಂತ್ರವೇನಲ್ಲ. ಚಕ್ರ ನಿಂತರೆ ಗಾಡಿ ನಿಂತಿತು ಎಂದು ಬಹಳ ಜನ ತಿಳಿದಿದ್ದಾರೆ. ಸೋಪಿನ ನೀರು ಚೆಲ್ಲಿದ ಬಚ್ಚಲಿನಲ್ಲಿ ನಡೆದು ನೋಡಿ. ಹೆಜ್ಜೆ ಎತ್ತಿ ಎತ್ತಿ ಇಡುವವರೆಗೆ ಕಾಲು ನಿಮ್ಮ ಮಾತು ಕೇಳುತ್ತದೆ. ಒಂದು ಸಲ ಜಾರಿತೋ, ಅದು ಹೋದ ಕಡೆ ನೀವು. ಚಕ್ರದ್ದೂ ಇದೇ ಕತೆ. ಉರುಳುತ್ತಿರುವ ಚಕ್ರ ರಸ್ತೆಯನ್ನು ಕಚ್ಚಿಕೊಂಡಿರುತ್ತದೆ. ಬ್ರೇಕಿನ ಹಿಡಿತಕ್ಕೆ ಸಿಕ್ಕಿ ಪೂರ್ತಿ ನಿಂತ ಚಕ್ರ ಜಾರಲು ಶುರುಮಾಡುತ್ತದೆ, ಟ್ರೇಲರಿನ ಹಿಂಭಾಗ ತನ್ನಿಷ್ಟ ಬಂದ ಕಡೆ ಹೋಗುತ್ತದೆ.

ಅವತ್ತು ಆದದ್ದೂ ಅದೇ. ಬ್ರೇಕ್ ಕೆಟ್ಟಿರಲಿಲ್ಲ. ಚೆನ್ನಾಗಿತ್ತು, ಅದೇ ತೊಂದರೆ. ಎರಡು ಕುದುರೆಯ ಭಾರಕ್ಕೆ ಹೊಂದಿಸಿದ ಬ್ರೇಕು, ಒಳಗಿದ್ದದ್ದು ಒಂದೇ ಕುದುರೆ. ಹಗುರವಾದ ಟ್ರೇಲರು, ಒದ್ದೆ ರಸ್ತೆ, ಚಕ್ರಗಳು ಗಪ್ಪನೆ ನಿಂತುಬಿಟ್ಟವು. ಪಿಕಪ್ಪಿಗೆ ಕಂಪನಿಯಿಂದಲೇ ಎಬಿಎಸ್ ಇತ್ತು, ಟ್ರೇಲರಿಗೆ ಇರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇದಕ್ಕಾಗಿಯೇ ನಮ್ಮಂಥ ಹಳಬರು ಟ್ರೇಲರ್ ಎಳೆಯುವಾಗ ಬ್ರೇಕನ್ನು ಒಂದೇ ಸಮ ಒತ್ತುವುದಿಲ್ಲ. ಒತ್ತು, ಬಿಡು, ಒತ್ತು, ಬಿಡು. ಚಕ್ರ ನಿಲ್ಲುವ ಮೊದಲೇ ಬಿಟ್ಟು, ಉರುಳಿದ ಕೂಡಲೇ ಮತ್ತೆ ಹಿಡಿಯುವುದು. ಮಗಳ ಕಾಲು ಪೆಡಲಿಗೆ ಎಟುಕುವ ಮೊದಲೇ ನಾನು ಅವಳಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೆ.

ಚಕ್ರಗಳನ್ನು ಕಳಚಿ ಕೂತಿದ್ದಾಗ ಮಗಳು ತಾನಾಗಿಯೇ ಬಂದು ಟಾರ್ಚ್ ಹಿಡಿದಳು. ನನಗೆ ಒಳಗೊಳಗೇ ಹಿಗ್ಗು. ತೋರಿಸಿಕೊಳ್ಳಲಿಲ್ಲ.

"ಇದೇನಮ್ಮ, ಬಳೆ ಥರ?"

"ಬಳೆನೇ. ಸುತ್ತಲೂ ಹಲ್ಲಿದೆ ನೋಡು. ಚಕ್ರದ ಜೊತೆ ತಿರುಗುತ್ತೆ. ಪಕ್ಕದಲ್ಲಿ ಈ ಸೆನ್ಸರ್ ಕೂತು ಹಲ್ಲು ಎಣಿಸ್ತಾ ಇರುತ್ತೆ. ಎಲ್ಲ ಚಕ್ರದ ಲೆಕ್ಕನೂ ಅಗೋ, ಆ ಕಂಪ್ಯೂಟರ್ ಡಬ್ಬಿಗೆ ಹೋಗುತ್ತೆ. ನೀನು ಪಿಕಪ್ಪಲ್ಲಿ ಬ್ರೇಕ್ ಒತ್ತಿದ್ರೆ ಏನಾಗುತ್ತೆ?"

"ವೈರಲ್ಲಿ ಟ್ರೇಲರಿನ ಪಂಪಿಗೆ ಗೊತ್ತಾಗುತ್ತೆ. ಪಂಪು ಪೈಪಲ್ಲಿರೋ ಬ್ರೇಕ್ ಆಯಿಲ್‌ನ ತಳ್ಳುತ್ತೆ. ಆಯಿಲ್ ಹೋಗಿ ಬ್ರೇಕ್ ಕಚ್ಕೊಳ್ಳೋ ಹಾಗೆ ಮಾಡುತ್ತೆ."

"ಮರ್ತಿಲ್ಲ ಅನ್ನು. ಈಗ ಒಂದು ಚಕ್ರ ಏಕ್‌ದಂ ನಿಧಾನ ಆಯ್ತು, ಇನ್ನೇನು ನಿಂತೇಬಿಡುತ್ತೆ ಅಂತ ಇಟ್ಕೋ. ಡಬ್ಬಿಗೆ ತಕ್ಷಣ ಗೊತ್ತಾಗುತ್ತೆ. ಈ ವಾಲ್ವ್‌ಗೆ ಹೇಳುತ್ತೆ, ಆ ಚಕ್ರದ ಆಯಿಲ್ ಒತ್ತಡ ಚೂರು ಬಿಡು ಅಂತ. ಚಕ್ರ ಉರುಳ್ತು ಅಂದ್ರೆ ಮತ್ತೆ ಕೊಡು ಅಂತ. ಬಿಡೋದು ಹಿಡಿಯೋದು, ಬಿಡೋದು ಹಿಡಿಯೋದು, ನೀನು ಕಣ್ಣು ಮಿಟುಕಿಸೋದ್ರೊಳಗೆ ಎಷ್ಟು ಸಲನೋ. ನಿನ್ನ ಕಾಲು, ನನ್ನ ಕಾಲು, ಇಬ್ಬರ ಕಾಲೂ ಸೇರಿದ್ರೂ ಅಷ್ಟು ಬೇಗ ಆಗಲ್ಲ."

"ಹಾಗಾದ್ರೆ ನಾನೇನು ಮಾಡ್ಬೇಕು?"

"ಏನೂ ಇಲ್ಲ. ಒತ್ತು, ಹಿಡಿ. ಗಾಡಿ ನಿಲ್ಲೋವರೆಗೂ ಬಿಡಬೇಡ. ಮಧ್ಯದಲ್ಲಿ ನೀನೇ ಬಿಟ್ರೆ ಎಬಿಎಸ್ಸಿಗೆ ಕೆಲಸವೇ ಇಲ್ಲ, ಗಾಡಿ ದೂರ ಹೋಗಿ ನಿಲ್ಲುತ್ತೆ."

ಟಾರ್ಚಿನ ಬೆಳಕು ಚಕ್ರದಿಂದ ಸರಿದು ನೆಲಕ್ಕೆ ಬಿತ್ತು. "ಎತ್ತಿ ಹಿಡಿಯೇ, ಕಾಣ್ತಿಲ್ಲ" ಎಂದು ಗದರಿದೆ. ಅವಳು ಎತ್ತಿ ಹಿಡಿದಳು. ಮತ್ತೆ ಏನೂ ಕೇಳಲಿಲ್ಲ. ಸೆನ್ಸರಿಗೂ ಬಳೆಗೂ ನಡುವೆ ಎಷ್ಟು ಸಂದು ಬಿಡಬೇಕೆಂದು ನೋಡುವುದರಲ್ಲಿ ಮುಳುಗಿದ್ದ ನಾನು ಮಗಳ ಮುಖ ನೋಡಲೇ ಇಲ್ಲ.

ಭಾನುವಾರ ಬೆಳಗ್ಗೆ ಮೂವರೂ ಮುಚ್ಚಿದ ಗೋದಾಮಿನ ಹಿಂದಿನ ಕಾಂಕ್ರೀಟ್ ಬಯಲಿಗೆ ಹೋದೆವು. ಉದ್ದನೆಯ, ಖಾಲಿ, ಯಾರೂ ಬಾರದ ಜಾಗ. ಟ್ರೇಲರಿನಲ್ಲಿ ದೊರೆಸಾನಿಯ ತೂಕಕ್ಕೆ ಸರಿಯಾಗಿ ಮರಳಿನ ಮೂಟೆ ಹೇರಿ, ನೆಲದ ಕೊಂಡಿಗಳಿಗೆ ಬಿಗಿದು ಕಟ್ಟಿದ್ದೆ. ಇವರು ತಮ್ಮ ಹಳೆಯ ಟಾರ್ಪಾಲುಗಳನ್ನು ಹಾಸಿ, ಅಂಚಿಗೆ ಮೊಳೆ ಹೊಡೆದು, ಮೇಲೆ ಸೋಪಿನ ನೀರು ಸುರಿದರು. ಸುರಿದು ತಾವೇ ಕಾಲು ಜಾರಿ ಧೊಪ್ಪನೆ ಕೂತರು. ಮಗಳು ಬಹಳ ದಿನಗಳ ಮೇಲೆ ನಕ್ಕಳು. ಅವಳನ್ನು ನಗಿಸಲೆಂದೇ ಬಿದ್ದರೇನೋ ಎಂದು ನನಗೆ ಈಗಲೂ ಗುಮಾನಿ. ಆ ಮನುಷ್ಯನನ್ನು ನಂಬುವಂತಿಲ್ಲ.

ಬಯಲಿನ ಕೊನೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಯಂತೆ ಪೇರಿಸಿದೆವು. ವೈರು ಜೋಡಿಸಿದಾಗ ಟ್ರೇಲರಿನ ಎಡಗಡೆ ಹಿಂದಿರುವ ಹಳದಿ ದೀಪ ಹೊತ್ತಿ, ಆರಿತು. ಆರಿದರೆ ಎಲ್ಲ ಸರಿ, ಉರಿಯುತ್ತಲೇ ಇದ್ದರೆ ಎಬಿಎಸ್‌ನಲ್ಲಿ ಏನೋ ಕೆಟ್ಟಿದೆ ಎಂದು. ಮೊದಲು ನಾನೇ ಓಡಿಸಿದೆ. ಒದ್ದೆ ಟಾರ್ಪಾಲಿನ ಮೇಲೆ ಬಂದ ಕೂಡಲೇ ಬ್ರೇಕ್ ಒತ್ತಿ ಹಿಡಿದೆ. ಪಿಕಪ್ಪಿನ ಬ್ರೇಕ್ ಪೆಡಲು ಅದುರಿತು, ಅದು ಪಿಕಪ್ಪಿನ ಸ್ವಂತ ಎಬಿಎಸ್. ಟ್ರೇಲರಿನದು ಕಾಲಿಗೆ ತಿಳಿಯುವುದಿಲ್ಲ. ಕೊಕ್ಕೆಯ ಬಳಿ ಸಣ್ಣಗೆ ಕುಲುಕಿದ ಹಾಗೆ ಬೆನ್ನಿಗೆ ತಿಳಿಯುತ್ತದೆ. ಪೆಟ್ಟಿಗೆಗಳಿಂದ ಎಷ್ಟೋ ದೂರದಲ್ಲೇ ಎರಡೂ ಗಾಡಿ ಒಂದೇ ಗೆರೆಯಲ್ಲಿ ನಿಂತವು.

"ನೋಡ್ದ್ಯಾ? ಚಕ್ರ ಒಂದೂ ಜಾರ್ಲಿಲ್ಲ!" ಇಳಿದು ಬಂದು ಕೂಗಿದೆ. ಮಗಳು ತಲೆಯಾಡಿಸಿದಳು. ಕೀಲಿ ಕೊಟ್ಟೆ.

ಅವಳು ಬಂದಳು. ಟಾರ್ಪಾಲಿನ ಮೇಲೆ ಬಂದಳು. ಬ್ರೇಕಿನ ದೀಪ ಹೊತ್ತಿತು, ಆರಿತು, ಹೊತ್ತಿತು, ಆರಿತು. ಒತ್ತು, ಬಿಡು, ಒತ್ತು, ಬಿಡು. ಟ್ರೇಲರ್ ನೆಟ್ಟಗೇ ಇತ್ತು, ಆದರೆ ನಿಲ್ಲಲಿಲ್ಲ. ಪಿಕಪ್ ಪೆಟ್ಟಿಗೆಗಳನ್ನು ಗುದ್ದಿ ಚೆಲ್ಲಾಪಿಲ್ಲಿ ಮಾಡಿ ಆಮೇಲೆ ನಿಂತಿತು.

ಮತ್ತೆ ಪೇರಿಸಿದೆವು. ಮತ್ತೆ ಅದೇ. ಮೂರನೆಯ ಸಲವೂ ಅದೇ. ಇವರು ಅಪ್ಪಚ್ಚಿಯಾದ ಪೆಟ್ಟಿಗೆಗಳನ್ನು ಸದ್ದಿಲ್ಲದೆ ನೆಟ್ಟಗೆ ಮಾಡುತ್ತಿದ್ದರು. ನನ್ನ ತಲೆ ಕೆಟ್ಟಿತು.

"ಒತ್ತಿ ಹಿಡಿ ಅಂದ್ರೆ ಯಾಕೆ ಬಿಡ್ತೀಯೇ? ಕಿವಿಗೆ ಹತ್ತಿ ತುರ್ಕೊಂಡಿದ್ಯಾ? ಆ ಪೆಟ್ಟಿಗೆ ಜಾಗದಲ್ಲಿ ಮನುಷ್ಯರು ನಿಂತಿದ್ರೆ ಏನು ಗತಿ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇಲ್ಲಿ ನೆಲನೂ ಸರಿಯಿದೆ, ಗಾಡಿನೂ ಸರಿಯಿದೆ!"

"ನಾನೇ ಸರಿಯಿಲ್ಲಮ್ಮ," ಎಂದಳು ಮಗಳು. ದನಿ ಎತ್ತಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. "ಅವತ್ತು ನಾನೇನು ಮಾಡ್ದೆ ಗೊತ್ತಾ ನಿಂಗೆ?"

"ಏನು ಮಾಡ್ದೆ?"

"ಒತ್ತಿ ಹಿಡ್ದೆ. ಅಷ್ಟೇ ಮಾಡಿದ್ದು. ನೀನು ಹೇಳ್ಕೊಟ್ಟ ಒತ್ತು, ಬಿಡು ಎಲ್ಲ ಮರ್ತೇಹೋಯ್ತು. ಭಯಕ್ಕೆ ಕಾಲು ಹಾಗೇ ನೆಟ್ಕೊಂಡ್ಬಿಡ್ತು. ಹಿಂದೆ ದೊರೆಸಾನಿ ಬಿದ್ದ ಸದ್ದು ಕೇಳಿಸ್ತು ಅಮ್ಮ. ಧಡ್ ಅಂತ. ಆಗಲೂ ಕಾಲು ತೆಗೀಲಿಲ್ಲ ನಾನು. ಈಗ ನೀನು ಅದನ್ನೇ ಮಾಡು ಅಂತಿದ್ದೀಯ."

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಅತ್ತ ಪೆಟ್ಟಿಗೆ ಜೋಡಿಸುತ್ತಿದ್ದ ಇವರು ನನ್ನ ಮೌನ ಕೇಳಿ ಗಾಬರಿಯಾಗಿ ಓಡಿ ಬಂದರು.

ನಾನೊಬ್ಬಳು ದಡ್ಡಿ. ಹಲ್ಲಿನ ಬಳೆ, ಸೆನ್ಸರ್, ವಾಲ್ವು ಎಲ್ಲ ಕೂರಿಸಿದೆ, ಮಗಳ ಭಯ ಎಲ್ಲಿ ಕೂತಿದೆ ಎಂದು ನೋಡಲಿಲ್ಲ. ಯಾವ ಒಂದು ಕೆಲಸ ಮಾಡಿದ್ದಕ್ಕೆ ಅವಳು ಇಷ್ಟು ದಿನ ತನ್ನನ್ನೇ ತಾನು ಶಪಿಸಿಕೊಳ್ಳುತ್ತಿದ್ದಳೋ ಅದನ್ನೇ ಮತ್ತೆ ಮಾಡು ಎಂದು ಅವಳ ಮುಂದೆ ನಿಂತು ಕಿರುಚುತ್ತಿದ್ದೆ. ಆದರೆ ಮಾಡಲೇಬೇಕಲ್ಲ? ಈ ಟ್ರೇಲರಿನಲ್ಲಿ ಇನ್ನು ಅದೇ ಸರಿಯಾದ ದಾರಿ. ಸರಿ ಎಂದು ಬಾಯಲ್ಲಿ ನೂರು ಸಲ ಹೇಳಿದರೂ ಕಾಲು ನಂಬಬೇಕಲ್ಲ. ಅವಳ ಭಯವೆಲ್ಲ ಹಿಂದಿನ ಆ ಟ್ರೇಲರಿನೊಳಗಿತ್ತು, ಕಣ್ಣಿಗೆ ಕಾಣದ ಕಡೆ.

ನಾನು ಟ್ರೇಲರಿನ ಪಕ್ಕದ ಬಾಗಿಲು ತೆರೆದು ಒಳಗೆ ಹತ್ತಿದೆ.

"ಏನ್ ಮಾಡ್ತಿದ್ದೀಯೇ?" ಇವರು ಕೇಳಿದರು. ಅಷ್ಟು ಉದ್ದ ಅವರು ಮಾತಾಡಿದ್ದೇ ಹೆಚ್ಚು.

"ದೊರೆಸಾನಿ ಜಾಗದಲ್ಲಿ ನಿಂತ್ಕೋತೀನಿ. ಇವಳು ಓಡಿಸ್ಲಿ."

"ಹುಚ್ಚು ಹಿಡೀತಾ ಅಮ್ಮಾ ನಿಂಗೆ? ಇಳಿ ಕೆಳಗೆ!" ಮಗಳು ಪಿಕಪ್ಪಿನಿಂದ ಜಿಗಿದು ಬಂದಳು.

ಹುಚ್ಚೇ. ಓಡುವ ಟ್ರೇಲರಿನಲ್ಲಿ ಮನುಷ್ಯರು ನಿಲ್ಲಕೂಡದು, ಹಾಗೆ ನಿಂತವರನ್ನು ನಾನೇ ಎಷ್ಟೋ ಸಲ ಬೈದು ಇಳಿಸಿದ್ದೇನೆ. ನೀವು ಯಾರೂ ಮಾಡಬೇಡಿ. ಆದರೆ ಅವತ್ತು ನನಗೆ ಬೇರೆ ದಾರಿ ಹೊಳೆಯಲಿಲ್ಲ, ಹೊಳೆಯುವವರೆಗೆ ಕಾಯುವ ಗುಣ ನನ್ನದಲ್ಲ. "ಜೋರಾಗಿ ಬೇಡ, ಸೈಕಲ್ಲಿಗಿಂತ ಚೂರು ಜಾಸ್ತಿ ಅಷ್ಟೇ. ಬ್ರೇಕ್ ಕೂರಿಸಿದವಳು ನಾನು. ನನ್ನ ಕೆಲಸದ ಮೇಲೆ ನಂಗೆ ನಂಬಿಕೆ ಇದೆ. ನಿನ್ನ ಮೇಲೂ ಇದೆ. ಹೋಗು."

ಇವರು ಓಡಿಹೋಗಿ ಸೀಟಿಗೆಂದು ತಂದಿದ್ದ ಫೋಮು ತಂದರು. ನನ್ನ ಎದೆಗೆ, ಬೆನ್ನಿಗೆ ಸುತ್ತಿ ಹಗ್ಗ ಬಿಗಿದರು. ಸವಾರಿಯ ಹೆಲ್ಮೆಟ್ ಒಂದು ಟ್ರೇಲರಿನಲ್ಲೇ ನೇತಾಡುತ್ತಿತ್ತು, ಅದನ್ನು ತಲೆಗೆ ಹಾಕಿ ಪಟ್ಟಿ ಎಳೆದರು. "ಹಾಸಿಗೆ ಸುತ್ತಿಟ್ಟ ಹಾಗೆ ಕಾಣ್ತೀಯ" ಎಂದರು. ಪಟ್ಟಿ ಸರಿಯಾಯಿತೇ ಎಂದು ಮತ್ತೆ ಮತ್ತೆ ನೋಡಿದರು, ಬಾಗಿಲು ಹಾಕಲು ಮನಸ್ಸೇ ಬರಲಿಲ್ಲ ಅವರಿಗೆ.

ಬಾಗಿಲು ಹಾಕಿದ ಮೇಲೆ ಒಳಗೆ ಮಬ್ಬು, ಪಕ್ಕದಲ್ಲಿ ಬಿಗಿದಿಟ್ಟ ಮರಳಿನ ಮೂಟೆಗಳು. ಹುಲ್ಲಿನ ವಾಸನೆ, ಕುದುರೆಯ ವಾಸನೆ. ಎದುರಿಗೆ ಕುದುರೆ ಮುಂದಕ್ಕೆ ಮುಗ್ಗರಿಸದಂತೆ ಅಡ್ಡ ಹಾಕುವ ದಪ್ಪ ಕಂಬಿ. ಅದಕ್ಕೆ ಸುತ್ತಿದ ಮೆತ್ತೆಯೂ ಇವರದೇ ಹೊಲಿಗೆ. ಹೆಲ್ಮೆಟ್ಟಿನೊಳಗೆ ಕಿವಿಗೆ ಸಿಕ್ಕಿಸಿಕೊಂಡಿದ್ದ ಫೋನಿನಲ್ಲಿ ಮಗಳ ಉಸಿರು ಕೇಳಿಸುತ್ತಿತ್ತು.

"ಹೊರಡಲಾ ಅಮ್ಮ?"

"ಹೊರಡು."

ಗಾಡಿ ಹೊರಟಿತು. ಟಾರ್ಪಾಲು ಚಕ್ರದ ಕೆಳಗೆ ಸರಸರ ಎಂದಿತು. ಬ್ರೇಕ್ ಬಿತ್ತು. ನಾನು ಕಂಬಿಯ ಮೇಲೆ ಮುಗ್ಗರಿಸಿದೆ. ಸಾವರಿಸಿಕೊಂಡು ಕಾಲೂರುವಷ್ಟರಲ್ಲಿ ಬ್ರೇಕ್ ಬಿಟ್ಟಿತು, ಹಿಂದಕ್ಕೆ ತೂರಾಡಿದೆ. ಮತ್ತೆ ಮುಂದಕ್ಕೆ. ಮತ್ತೆ ಹಿಂದಕ್ಕೆ. ಜರಡಿಯಲ್ಲಿ ಬಿದ್ದ ಕಾಳಿನ ಪಾಡು. ಕೊನೆಗೆ ಪೆಟ್ಟಿಗೆಗಳು ಪಟಪಟ ಬಿದ್ದ ಸದ್ದು, ಆಮೇಲೆ ನಿಂತಿತು.

"ಅಮ್ಮಾ! ಪೆಟ್ಟಾಯ್ತಾ? ಅಮ್ಮಾ!"

ನಾನು ಕಂಬಿ ತಬ್ಬಿಕೊಂಡು ಏದುಸಿರು ಬಿಡುತ್ತಿದ್ದೆ. 'ಒತ್ತು, ಬಿಡು' ಎಂದು ಇಷ್ಟು ಕಾಲ ಎಷ್ಟೊಂದು ಜನರಿಗೆ ಕಲಿಸಿದ್ದೆ! ಚಕ್ರದ ಪಕ್ಕ ಕೂತು ಕಲಿಸಿದ್ದೆನೇ ಹೊರತು, ಅದು ಒಳಗಿದ್ದವರಿಗೆ ಏನು ಮಾಡುತ್ತದೆ ಎಂದು ಒಂದು ದಿನವೂ ಇಲ್ಲಿ ನಿಂತು ನೋಡಿರಲಿಲ್ಲ.

"ಪೆಟ್ಟಾಗಿಲ್ಲ ಪುಟ್ಟಿ," ಎಂದೆ. ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ. "ಆದ್ರೆ ನಿಲ್ಲೋಕಾಗ್ತಿಲ್ಲ ಕಣೇ. ನೀನು ಒತ್ತಿದಾಗ ಮುಂದಕ್ಕೆ ಬರ್ತೀನಿ. ಕಂಬಿಗೆ ಒರಗಿ ಇನ್ನೇನು ನಿಂತೆ ಅನ್ನೋಷ್ಟರಲ್ಲಿ ಬಿಟ್ಬಿಡ್ತೀಯ. ಬೀಳ್ತೀನಿ. ಒತ್ತಿದ್ದಕ್ಕೆ ನೋವಾಗ್ತಿಲ್ಲ. ಬಿಡೋದೇ ತಡ್ಕೊಳ್ಳೋಕಾಗ್ತಿಲ್ಲ."

ಕಂಬಿಯ ಮೇಲೆ ಕೈಯೂರಿ ನೆಟ್ಟಗಾದೆ.

"ಕೇಳು. ಅವತ್ತು ಅವಳು ಬಿದ್ದಿದ್ದು ನೀನು ಹಿಡಿದಿದ್ದಕ್ಕಲ್ಲ. ಕೆಳಗೆ ಚಕ್ರ ಜಾರ್ತು, ಅದಕ್ಕೆ. ಆವಾಗ ಚಕ್ರ ನೋಡ್ಕೊಳ್ಳೋಕೆ ಯಾರೂ ಇರ್ಲಿಲ್ಲ. ಈಗ ಡಬ್ಬಿ ಇದೆ. ಚಕ್ರನ ಅದು ನೋಡ್ಕೊಳ್ಳುತ್ತೆ. ನೀನು ಬ್ರೇಕು, ಚಕ್ರ ಎಲ್ಲ ಮರ್ತ್ಬಿಡು. ನನ್ನನ್ನ ಹಿಡ್ಕೋ. ನಿಲ್ಲೋವರೆಗೂ ಬಿಡಬೇಡ."

ಫೋನಿನಲ್ಲಿ ಮೂಗು ಸೊರ್ರೆಂದ ಸದ್ದು. ಹೊರಗೆ ಇವರು ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದರು, ಸೋಪಿನ ನೀರು ಮತ್ತೆ ಸುರಿದರು. ಗಾಡಿ ಬಯಲಿನ ಆ ತುದಿಗೆ ಹೋಗಿ ತಿರುಗಿತು.

"ಬರ್ತಿದ್ದೀನಿ ಅಮ್ಮ."

"ಬಾ."

ಈ ಸಲ ಟಾರ್ಪಾಲಿನ ಸರಸರ ಕೇಳಿದ ಕೂಡಲೇ ಕಂಬಿಯನ್ನು ಬಿಗಿಯಾಗಿ ಹಿಡಿದೆ. ಸುಳ್ಳೇಕೆ ಹೇಳಲಿ, ಹೆದರಿದ್ದೆ. ಬ್ರೇಕ್ ಬಿತ್ತು. ಮುಂದಕ್ಕೆ ಬಂದೆ, ಎದೆ ಕಂಬಿಗೆ ತಾಗಿತು. ಬಿಡುತ್ತಾಳೆ, ಈಗ ಬಿಡುತ್ತಾಳೆ ಎಂದು ಹಲ್ಲು ಕಚ್ಚಿದೆ.

ಬಿಡಲಿಲ್ಲ.

ಕಾಲಡಿಯಿಂದ ಸದ್ದು ಬಂತು. ಟಿಕ್ಕಟಿಕ್ಕಟಿಕ್ಕಟಿಕ್ಕ, ವಾಲ್ವುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. ಬಲಗಡೆಯದು ಒಮ್ಮೆ ಜೋರು, ಎಡಗಡೆಯದು ಒಮ್ಮೆ ಜೋರು. ನೆಲದ ಹಲಗೆ ಸಣ್ಣಗೆ ನಡುಗಿ ಅಂಗಾಲಿಗೆ ಕಚಗುಳಿಯಾಯಿತು. ಕೆಳಗೆ ಅಷ್ಟೆಲ್ಲ ಗಡಿಬಿಡಿ, ಮೇಲೆ ನಾನು ಕಂಬಿಗೆ ಒರಗಿಕೊಂಡು ನೆಟ್ಟಗೆ ನಿಂತಿದ್ದೆ. ಯಾರೋ ಎರಡೂ ಭುಜ ಗಟ್ಟಿಯಾಗಿ ಹಿಡಿದು ನಿಲ್ಲಿಸಿದ ಹಾಗಿತ್ತು. ಟ್ರೇಲರ್ ಎತ್ತಲೂ ತಿರುಗಲಿಲ್ಲ. ಸದ್ದು ನಿಧಾನವಾಯಿತು, ನಿಂತಿತು. ಗಾಡಿಯೂ ನಿಂತಿತು. ಪೆಟ್ಟಿಗೆ ಬಿದ್ದ ಸದ್ದು ಬರಲಿಲ್ಲ.

ಇವರು ಬಾಗಿಲು ತೆರೆದು ನನ್ನನ್ನು ಕೆಳಗಿಳಿಸಿದರು. ಹೆಲ್ಮೆಟ್ಟಿನ ಸಮೇತ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಮಗಳು ಇಳಿದು ಬರಲಿಲ್ಲ. ನಾನು ಫೋಮು ಸುತ್ತಿಕೊಂಡೇ ಪಿಕಪ್ಪಿನ ಬಳಿ ಹೋಗಿ ಬಾಗಿಲು ತೆಗೆದೆ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದಳು. ಮುಖ ತುಂಬ ಕಣ್ಣೀರು. ಆ ಮಳೆಗಾಲದಿಂದ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಅವಳು ಈಗ ಅಳುತ್ತಿದ್ದಳು.

"ಬಿದ್ಯಾ?" ಎಂದಳು.

"ಇಲ್ಲ. ನೀನು ಹಿಡ್ಕೊಂಡಿದ್ದೆಯಲ್ಲ."

"ಅವಳೂ ಬೀಳಲ್ಲ ಅಲ್ವಾ ಅಮ್ಮ?"

"ಗತ್ತಿನವಳು. ಕಂಬಿಗೆ ಒರಗಿಕೊಂಡು, ಯಾರದು ನಿಲ್ಸಿದ್ದು ಅಂತ ಕೇಳ್ತಾಳೆ ಅಷ್ಟೇ."

ಅಳುತ್ತಲೇ ನಕ್ಕಳು. ಅಂಗೈಯಿಂದ ಮುಖ ಒರೆಸಿಕೊಂಡು, "ಮೇಷ್ಟ್ರಿಗೆ ಫೋನ್ ಮಾಡು. ನಾಳೆ ನಾನೇ ಬರ್ತೀನಿ ಅಂತ ಹೇಳು" ಎಂದಳು.

ಆಗ ನೋಡಿದೆ. ಅವಳ ಕಾಲು ಇನ್ನೂ ಬ್ರೇಕ್ ಪೆಡಲಿನ ಮೇಲೇ ಇತ್ತು. ಇದ್ದ ಬಲವನ್ನೆಲ್ಲ ಹಾಕಿ ಒತ್ತಿ ಹಿಡಿದಿದ್ದಳು.

"ನಿಂತಿದೆ ಪುಟ್ಟಿ. ನಾನು ಇಳಿದೂ ಆಯ್ತು. ಇನ್ನು ಬಿಡು."

"ಇನ್ನೊಂಚೂರು ಹೊತ್ತು ಹಿಡ್ಕೊಂಡಿರ್ತೀನಿ ಅಮ್ಮ."

"ಹಿಡ್ಕೋ," ಎಂದೆ. ಅತ್ತಲಿಂದ ಸುತ್ತಿ ಬಂದು ಅವಳ ಪಕ್ಕ ಹತ್ತಿ ಕೂತೆ.